ಟವಲ್ ಹಾಕಿ ಕೂತ ಮೀನು: ಉಪ್ಪುನೀರಿನ ಟ್ಯಾಂಕಿನಲ್ಲಿ ಜಗಳ ನಿಭಾಯಿಸುವ ಬಗೆ

ಬೆಳಿಗ್ಗೆ ಎದ್ದು ಟ್ಯಾಂಕಿನ ಹತ್ತಿರ ಹೋದರೆ ಫೈರ್‌ಫಿಶ್ ಕಾಣಲಿಲ್ಲ. ಕಲ್ಲಿನ ಸಂದಿ, ಪಂಪಿನ ಹಿಂದೆ, ಕೆಳಗಿನ ಸಂಪಿನೊಳಗೆ ಎಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಕಸ ಗುಡಿಸುತ್ತಿದ್ದ ಆಯಿಗೆ. ಸ್ಟ್ಯಾಂಡಿನ ಹಿಂದೆ, ಗೋಡೆಗೆ ಒತ್ತಿಕೊಂಡು, ಒಣಗಿದ ಮಾವಿನ ಎಲೆಯ ಹಾಗೆ ಬಿದ್ದಿತ್ತು. "ಇದೆಂತ ತಮಾ, ಒಣಮೀನು ಇಲ್ಲಿ ಬಿದ್ದಿದೆ?" ಎಂದಳು ಆಯಿ.

ಅದು ಸುಮ್ನೆ ಹಾರಿದ್ದಲ್ಲ. ಹಾರುವ ಹಾಗೆ ಮಾಡಿದ್ದು ಒಂದು ಡಾಮಿನೋ ಡ್ಯಾಮ್ಸೆಲ್. ಮೈಯೆಲ್ಲ ಕಪ್ಪು, ಮೂರು ಬಿಳಿ ಚುಕ್ಕೆ, ತಂದಾಗ ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. "ಗಟ್ಟಿ ಮೀನು, ಟ್ಯಾಂಕ್ ಸೆಟ್ ಆಗಲು ಮೊದಲು ಇದನ್ನೇ ಬಿಡಿ" ಎಂದು ಅಂಗಡಿಯವರು ಕೊಟ್ಟಿದ್ದರು. ಗಟ್ಟಿ ಎನ್ನುವುದು ನಿಜವೇ. ನಾಲ್ಕು ತಂದಿದ್ದೆ. ಮೂರು ತಿಂಗಳಲ್ಲಿ ಒಂದೇ ಉಳಿಯಿತು. ಉಳಿದ ಮೂರನ್ನು ಮುಗಿಸಿದ್ದು ಅದೇ. ಇಡೀ ನಾಲ್ಕು ಅಡಿ ಗಾಜು ತನ್ನದೇ ಎಂದು ಅದು ಕೂತ ಮೇಲೆ ನಾನು ಫೈರ್‌ಫಿಶ್ ತಂದು ಬಿಟ್ಟಿದ್ದೆ.

ಇದು ಒಂದು ರೀತಿಯಲ್ಲಿ ಬಸ್ ಸೀಟಿನ ಜಗಳ. ಕಾರವಾರ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದವನು ಆಮೇಲೆ ಎದ್ದು ಜಾಗ ಕೊಡುತ್ತಾನೆಯೇ? ಅವನೇನೂ ಕೆಟ್ಟವನಲ್ಲ. ಆದರೆ ಟವಲ್ ಮೊದಲು ಬಿದ್ದದ್ದು ಅವನದು. ಡಾಮಿನೋ ಮಾಡಿದ್ದೂ ಅಷ್ಟೇ. ತಪ್ಪು ಅದರದ್ದಲ್ಲ, ಯಾರು ಮೊದಲು ಹತ್ತಬೇಕು ಎಂದು ಯೋಚಿಸದೆ ಬಾಗಿಲು ತೆರೆದ ನನ್ನದು. ಇದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಬೇಡ.

ಜಗಳ ಯಾತಕ್ಕೆ

ಸಮುದ್ರದ ಕಲ್ಲಿನ ನಡುವೆ ಬದುಕುವ ಸಣ್ಣ ಮೀನಿಗೆ ಒಂದು ಬಿಲ ಎಂದರೆ ಮನೆಯೂ ಹೌದು, ಊಟದ ಜಾಗವೂ ಹೌದು, ಮೊಟ್ಟೆ ಇಡುವ ಕೋಣೆಯೂ ಹೌದು. ಕೆಲವು ಜಾತಿಯ ಡ್ಯಾಮ್ಸೆಲ್‌ಗಳು ಕಲ್ಲಿನ ಮೇಲೆ ತಮಗೆ ಬೇಕಾದ ಪಾಚಿಯನ್ನೇ ಬೆಳೆಸುತ್ತವೆ, ಬೇಡದ್ದನ್ನು ಕಿತ್ತು ಎಸೆಯುತ್ತವೆ. ಗದ್ದೆ ಮಾಡಿದವನು ಬೇಲಿ ಕಾಯದೆ ಬಿಡುತ್ತಾನೆಯೇ?

ಸಮುದ್ರದಲ್ಲಿ ಈ ಜಗಳ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ಅಟ್ಟುತ್ತದೆ, ಇನ್ನೊಂದು ಹತ್ತು ಮಾರು ದೂರ ಹೋಗುತ್ತದೆ. ಅಲ್ಲಿಗೆ ಸರಿ. ಟ್ಯಾಂಕಿನಲ್ಲಿ ಹತ್ತು ಮಾರು ಎಲ್ಲಿದೆ? ಸೋತ ಮೀನು ಓಡಿ ಗಾಜಿಗೆ ಬಡಿದು ನಿಲ್ಲುತ್ತದೆ. ಗೆದ್ದ ಮೀನಿಗೆ ಅದು ಇನ್ನೂ ಕಾಣುತ್ತಲೇ ಇರುತ್ತದೆ. "ಹೋಗು ಎಂದರೂ ಹೋಗಲಿಲ್ಲ" ಎಂದು ಮತ್ತೆ ಅಟ್ಟುತ್ತದೆ. ಜಗಳ ಕೊಲೆಯಾಗುವುದು ಇಲ್ಲಿಯೇ. ಕೆಳಗೆ ಹೇಳುವ ಉಪಾಯಗಳೆಲ್ಲ ಸೋತ ಮೀನು ಕಣ್ಣಿಗೆ ಬೀಳದ ಹಾಗೆ ಮಾಡುವ ಬೇರೆ ಬೇರೆ ದಾರಿಗಳು.

ಯಾರ ಮೇಲೆ ಸಿಟ್ಟು ಜಾಸ್ತಿ? ತನ್ನ ಹಾಗೆ ಕಾಣುವವರ ಮೇಲೆ. 1973ರಲ್ಲಿ ನೊಬೆಲ್ ಪಡೆದ, ಪ್ರಾಣಿಗಳ ನಡತೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಹವಳದ ಮೀನುಗಳನ್ನು ಗಮನಿಸಿ ಇದನ್ನೇ ಹೇಳಿದ್ದರು: ಗಾಢ ಬಣ್ಣದ ಮೀನುಗಳು ಬೇರೆ ಜಾತಿಗಿಂತ ತಮ್ಮದೇ ಜಾತಿಯ ಮೇಲೆ ಹೆಚ್ಚು ಎರಗುತ್ತವೆ. ಅದಾದ ಮೇಲೆ ಅದೇ ಆಕಾರದವು, ಅದೇ ಊಟ ತಿನ್ನುವವು. ಹಾಗಾಗಿ ಟ್ಯಾಂಗ್ ಮೀನು ಇನ್ನೊಂದು ಟ್ಯಾಂಗನ್ನು ಅಟ್ಟುತ್ತದೆ, ಮರಳಿನ ಮೇಲೆ ಕೂತ ಗೋಬಿಯ ಕಡೆ ನೋಡುವುದೂ ಇಲ್ಲ. (ಗೋಬಿ ಎಂದರೆ ಮಂಚೂರಿ ಅಲ್ಲ ಮಾರಾಯ್ರೇ, ಅದು ಮೀನಿನ ಹೆಸರು.)

ನಮ್ಮ ಊರಿನವರಿಗೆ ಇದನ್ನು ನೋಡಲು ಟ್ಯಾಂಕೇ ಬೇಕೆಂದಿಲ್ಲ. ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರಿನ ಗುಂಡಿಯ ಪಕ್ಕ ಅಲುಗಾಡದೆ ಕೂತು ನೋಡಿ. ಹಳದಿ ಬೆನ್ನು, ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮರಿಗಳು ಸಿಕ್ಕರೆ ಒಂದೊಂದು ಮೂಲೆಗೆ ಒಂದೊಂದು ಯಜಮಾನ ಇರುವುದು ಕಾಣುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿದವರಿಗೆ ಇವು ಗುರುತಿನ ಮೀನು.

ಹಂತ 1: ತರುವ ಮೊದಲು ಲೆಕ್ಕ

ಟ್ಯಾಂಕಿನ ಅಳತೆ ಮೊದಲು. 2×1×1 ಅಡಿಯದ್ದಕ್ಕೆ ಸುಮಾರು 57 ಲೀಟರ್ ಹಿಡಿಯುತ್ತದೆ. ಅದರಲ್ಲಿ ಒಂದು ಜೋಡಿ ಕ್ಲೌನ್, ಒಂದು ಸಣ್ಣ ಗೋಬಿ, ಅಲ್ಲಿಗೆ ಮುಗಿಯಿತು. 4×1.5×1.5 ಅಡಿಯದ್ದಕ್ಕೆ ಸುಮಾರು 255 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ಇನ್ನೂ ಕಡಿಮೆ. ಅದರಲ್ಲಿ ಆರೇಳು ಸಣ್ಣ ಮೀನು ನೆಮ್ಮದಿಯಾಗಿರುತ್ತವೆ. ಜಗಳದ ವಿಷಯದಲ್ಲಿ ಎತ್ತರಕ್ಕಿಂತ ಉದ್ದ ಮುಖ್ಯ. ಓಡುವ ಮೀನು ಅಡ್ಡಕ್ಕೆ ಓಡುತ್ತದೆ, ಮೇಲಕ್ಕೆ ಓಡಿದರೆ ಫೈರ್‌ಫಿಶ್ ಕಥೆಯಾಗುತ್ತದೆ.

ಇನ್ನು ಯಾರು ಯಾರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಡಾಮಿನೋ ಬೇಡ. ಅದು 13-14 ಸೆಂ.ಮೀ. ತನಕ ಬೆಳೆಯುತ್ತದೆ, ಚುಕ್ಕೆ ಮಾಸುತ್ತದೆ, ಚೆಂದ ಹೋಗುತ್ತದೆ, ಸಿಟ್ಟು ಮಾತ್ರ ಉಳಿಯುತ್ತದೆ. ನೀಲಿ ಡ್ಯಾಮ್ಸೆಲ್ ಸ್ವಲ್ಪ ವಾಸಿ, ಆದರೂ ಒಂದೇ ಸಾಕು. ಡಾಟಿಬ್ಯಾಕ್, ಸಿಕ್ಸ್‌ಲೈನ್ ರಾಸ್ ಇವು ಬೆರಳುದ್ದದ ಮೀನು, ಸ್ವಭಾವ ಮಾತ್ರ ಪೊಲೀಸ್ ಪೇದೆಯದ್ದು. ತರುವುದೇ ಆದರೆ ಎಲ್ಲರಿಗಿಂತ ಕೊನೆಗೆ ತನ್ನಿ. ಟ್ರಿಗರ್ ಮೀನನ್ನು ಸಣ್ಣ ಮೀನುಗಳ ಜೊತೆ ಇಡುವ ಯೋಚನೆಯೇ ಬೇಡ. ಮರೂನ್ ಕ್ಲೌನ್, ಟೊಮೇಟೊ ಕ್ಲೌನ್ ಕೂಡ ಜಗಳಗಂಟ ಜಾತಿಗಳು. ಸಾಮಾನ್ಯ ಆಸಿಲಾರಿಸ್ ಕ್ಲೌನ್ ಅಷ್ಟಿಲ್ಲ.

ಪೌಡರ್ ಬ್ಲೂ ಟ್ಯಾಂಗ್ ನಮ್ಮ ಹಿಂದೂ ಮಹಾಸಾಗರದ್ದೇ ಮೀನು, ನೋಡಿದವರು ಸೋಲುತ್ತಾರೆ. ಅದಕ್ಕೆ ಆರು ಅಡಿ ಟ್ಯಾಂಕ್ ಬೇಕು. ಇಲ್ಲದಿದ್ದರೆ ಅದೂ ಬಾಳುವುದಿಲ್ಲ, ಉಳಿದವರನ್ನೂ ಬಾಳಿಸುವುದಿಲ್ಲ. ಬಾಲದ ಬುಡದಲ್ಲಿ ಎರಡೂ ಬದಿಗೆ ಚೂರಿಯಂಥ ಮುಳ್ಳು ಇರುತ್ತದೆ. ಅದನ್ನು ಬೀಸಿದರೆ ಎದುರಿನ ಮೀನಿನ ಹೊಟ್ಟೆ ಸೀಳುತ್ತದೆ. ಬಲೆಯಲ್ಲಿ ಹಿಡಿದರೆ ಮುಳ್ಳು ಸಿಕ್ಕಿಕೊಂಡು ಅದಕ್ಕೇ ಗಾಯ. ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿನ ಸಮೇತ ಹಿಡಿಯಬೇಕು.

ಹಸಿರು ಕ್ರೋಮಿಸ್ ಬಗ್ಗೆ ಒಂದು ಎಚ್ಚರಿಕೆ. "ಗುಂಪಿನ ಮೀನು, ಆರು ತಗೊಳ್ಳಿ" ಎನ್ನುತ್ತಾರೆ. ಸಣ್ಣ ಟ್ಯಾಂಕಿನಲ್ಲಿ ಆರು ಐದಾಗುತ್ತದೆ, ಐದು ನಾಲ್ಕಾಗುತ್ತದೆ, ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ದಿನಾ ಯಾರೋ ಒಬ್ಬ ಬಡಪಾಯಿಯ ಮೇಲೆ ಉಳಿದವು ಬೀಳುತ್ತವೆ. ಗುಂಪು ಬೇಕೆಂದರೆ ಕಾರ್ಡಿನಲ್ ಜೋಡಿ ಸಾಕು.

ಹಂತ 2: ಕಲ್ಲು ಜೋಡಿಸುವುದು

ನನ್ನ ಮೊದಲ ಟ್ಯಾಂಕಿನಲ್ಲಿ ಕಲ್ಲು ಹಿಂದಿನ ಗಾಜಿಗೆ ಒರಗಿಸಿ ಕಟ್ಟಿದ ಒಂದೇ ಗುಡ್ಡವಾಗಿತ್ತು. ಎಡದಿಂದ ಬಲಕ್ಕೆ ಉದ್ದಕ್ಕೆ. ನೋಡಲು ಅಚ್ಚುಕಟ್ಟು. ಡಾಮಿನೋಗೆ ಇನ್ನೂ ಅಚ್ಚುಕಟ್ಟು. ನಡುವಿನ ಬಿಲದ ಬಾಯಲ್ಲಿ ನಿಂತರೆ ಎರಡೂ ತುದಿ ಕಾಣುತ್ತಿತ್ತು. ಗಡಿ ಚೌಕಿಗೆ ಬೇರೆ ಜಾಗ ಬೇಕೆ?

ಈಗ ಎರಡು ಗುಡ್ಡೆ ಮಾಡಿದ್ದೇನೆ. ನಡುವೆ ಒಂದು ಗೇಣು ಖಾಲಿ ಮರಳು. ಎಡ ಗುಡ್ಡೆ ಎತ್ತರ, ಬಲದ್ದು ತಗ್ಗು. ಎಡಗಡೆಯ ಬಿಲದಲ್ಲಿ ಕೂತವರಿಗೆ ಬಲಗಡೆ ಏನು ನಡೆಯುತ್ತಿದೆ ಎಂದು ಕಾಣದ ಹಾಗೆ ಒಂದು ಚಪ್ಪಟೆ ಕಲ್ಲನ್ನು ನಿಲ್ಲಿಸಿದ್ದೇನೆ, ಹಳೆ ಮನೆಗಳಲ್ಲಿ ಬಾಗಿಲಿನೆದುರು ಅಡ್ಡಗೋಡೆ ಇರುತ್ತದಲ್ಲ, ಹಾಗೆ. ಬಿಲಗಳ ಸಂಖ್ಯೆ ಮೀನಿಗಿಂತ ಜಾಸ್ತಿ ಇರಲಿ. ಐದು ಮೀನಿಗೆ ಹತ್ತು ಬಿಲ. ಪ್ರತಿ ಬಿಲಕ್ಕೆ ಎರಡು ಬಾಯಿ ಕಡ್ಡಾಯ. ಒಂದೇ ಬಾಯಿಯ ಬಿಲಕ್ಕೆ ಹೊಕ್ಕ ಮೀನು ಸಿಕ್ಕಿಬಿದ್ದ ಹಾಗೆಯೇ, ಅಟ್ಟಿದವನು ಬಾಗಿಲಲ್ಲಿ ನಿಂತರೆ ಕಥೆ ಮುಗಿಯಿತು. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಸೋತ ಮೀನುಗಳು ಓಡಾಡುವುದು ಆ ಹಿತ್ತಿಲಿನಲ್ಲಿ.

ಯಾವ ಕಲ್ಲು? ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು ಅಥವಾ ಸುಣ್ಣಕಲ್ಲು ಸಾಕು. ಮನೆ ಹಿಂದೆ ಬಿದ್ದಿರುವ ಚಿರೇಕಲ್ಲು ಬೇಡ, ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಪುಡಿಯೂ ಉದುರುತ್ತದೆ. ಸಮುದ್ರದಿಂದ ಹವಳ ಕಿತ್ತು ತರುವುದಂತೂ ಅಪರಾಧ. ಕಲ್ಲುಹವಳಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಮುದ್ರಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಯಾರೋ ಕದ್ದು ಮಾರುತ್ತಾರೆ ಎಂದು ಕೊಳ್ಳಬೇಡಿ.

ಕಲ್ಲುಗಳನ್ನು ಪೂರ್ತಿ ಅಂಟಿಸಬೇಡಿ. ಎರಡು ಮೂರು ಕಲ್ಲು ಕೈಯಲ್ಲಿ ಎತ್ತುವ ಹಾಗೆ ಬಿಡಿಯಾಗಿರಲಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಹಂತ 3: ಸರದಿ

ಮೆತ್ತಗಿನವರು ಮೊದಲು, ಗಟ್ಟಿಗರು ಕೊನೆಗೆ. ನನ್ನ ಸರದಿ ಹೀಗಿದೆ: ಫೈರ್‌ಫಿಶ್ ಮತ್ತು ಗೋಬಿ, ಆಮೇಲೆ ಕಾರ್ಡಿನಲ್, ಬ್ಲೆನ್ನಿ, ಆಮೇಲೆ ಕ್ಲೌನ್ ಜೋಡಿ, ಎಲ್ಲ ಮುಗಿದ ಮೇಲೆ ಬೇಕಾದರೆ ಒಂದು ಡ್ವಾರ್ಫ್ ಏಂಜೆಲ್. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ನಾಲ್ಕರಿಂದ ಆರು ವಾರ. ಹೊಸದಾಗಿ ಬಂದ ಜಗಳಗಂಟನಿಗೂ ಮೊದಲು ಬಂದವರ ಎದುರು ಸ್ವಲ್ಪ ಹಿಂಜರಿಕೆ ಇರುತ್ತದೆ.

ಈಗಾಗಲೇ ಯಜಮಾನ ಇದ್ದರೆ ಹೊಸಬರನ್ನು ಒಂಟಿಯಾಗಿ ಬಿಡಬೇಡಿ. ಇಬ್ಬರನ್ನೋ ಮೂವರನ್ನೋ ಒಟ್ಟಿಗೆ ಬಿಟ್ಟರೆ ಸಿಟ್ಟು ಹಂಚಿಹೋಗುತ್ತದೆ. ಗಾತ್ರವೂ ನೋಡಿ. ಮೊದಲಿದ್ದವನಿಗಿಂತ ಹೊಸಬ ಸ್ವಲ್ಪ ದೊಡ್ಡವನಿದ್ದರೆ ಒಳ್ಳೆಯದು.

ಕ್ಲೌನ್ ಜೋಡಿಗೆ ಮಾತ್ರ ಈ ಲೆಕ್ಕ ಉಲ್ಟಾ. ಕ್ಲೌನ್‌ಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಯಜಮಾನಿಯಾಗುತ್ತದೆ. ಅವಳು ಸತ್ತರೆ ಅವಳ ಗಂಡನೇ ಹೆಣ್ಣಾಗಿ ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಒಂದೇ ಗಾತ್ರದ ಎರಡು ತಂದರೆ ಯಾರು ಯಜಮಾನಿ ಎಂದು ವಾರಗಟ್ಟಲೆ ಕಚ್ಚಾಟ. ಒಂದು ದೊಡ್ಡದು, ಒಂದು ಸಣ್ಣದು ತಂದರೆ ಆ ಪ್ರಶ್ನೆಯೇ ಇಲ್ಲ. ಮೂರನೆಯದು ಬೇಡವೇ ಬೇಡ.

ಹಂತ 4: ಬೇರೆ ತೊಟ್ಟಿಯಲ್ಲಿ ಒಂದು ತಿಂಗಳು

ಕಾರವಾರದವರು ಮೀನು ತರುವುದು ಒಂದೋ ಗೋವಾದಿಂದ, ಇಲ್ಲವೇ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ. ಬೆಳಿಗ್ಗೆ ಬಂದಿಳಿಯುವ ಮೀನು ಅರೆಜೀವವಾಗಿರುತ್ತದೆ. ಅದನ್ನು ಹಾಗೇ ಯಜಮಾನನ ಎದುರು ಬಿಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಒಂದು 50-60 ಲೀಟರ್ ತೊಟ್ಟಿ, ಒಂದು ಸ್ಪಂಜ್ ಫಿಲ್ಟರ್, ಪ್ಲಂಬಿಂಗ್ ಪೈಪಿನ ನಾಲ್ಕು ತುಂಡು, ಇಷ್ಟಿದ್ದರೆ ಸಾಕು.

ರಾತ್ರಿಯಿಡೀ ಮುಚ್ಚಿದ ಚೀಲದಲ್ಲಿ ಬಂದ ಮೀನಿಗೆ ಹನಿ ಹನಿ ನೀರು ಬಿಡುತ್ತ ಗಂಟೆಗಟ್ಟಲೆ ಕಾಯಬೇಡಿ. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅಲ್ಲಿ ತುಂಬಿಕೊಂಡ ಅಮೋನಿಯಾ ವಿಷವಾಗುತ್ತದೆ. ಅಂಗಡಿಯವರ ನೀರಿನ ಉಪ್ಪು ಎಷ್ಟು ಎಂದು ಮೊದಲೇ ಕೇಳಿ, ತೊಟ್ಟಿಯಲ್ಲಿ ಅಷ್ಟೇ ಇಟ್ಟುಕೊಳ್ಳಿ. ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಒಳಗೆ ಬಿಡಿ, ನೀರು ಚೆಲ್ಲಿ. ಆಮೇಲೆ ನಿಧಾನಕ್ಕೆ ನಾಲ್ಕೈದು ದಿನದಲ್ಲಿ ನಿಮ್ಮ ಟ್ಯಾಂಕಿನ ಉಪ್ಪಿನ ಮಟ್ಟಕ್ಕೆ (ಉಪ್ಪುನೀರಿನ ಸಾಂದ್ರತೆ 1.025) ತನ್ನಿ.

ಈ ತಿಂಗಳಲ್ಲಿ ಬಿಳಿ ಚುಕ್ಕೆ ರೋಗ ಇದ್ದರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಜಗಳಕ್ಕೂ ಇದಕ್ಕೂ ಸಂಬಂಧ ಇದೆ: ಏಟು ತಿಂದು ಸೋತ ಮೀನಿಗೆ ರೋಗ ಬೇಗ ಹತ್ತುತ್ತದೆ. ಜೊತೆಗೆ, ಒಂದು ತಿಂಗಳು ಉಂಡು ಮೈ ತುಂಬಿಕೊಂಡ ಮೀನಿಗೆ ಎದುರು ನಿಲ್ಲುವ ಗಟ್ಟಿತನ ಬರುತ್ತದೆ.

ಹಂತ 5: ಬುಟ್ಟಿಯ ವಾರ

ಒಂದೇ ಒಂದು ಉಪಾಯ ಮಾಡುತ್ತೇನೆ ಎನ್ನುವವರು ಇದನ್ನೇ ಮಾಡಿ. ಆನ್‌ಲೈನಿನಲ್ಲಿ ಇದಕ್ಕೆಂದೇ ತೂತಿನ ಅಕ್ರಿಲಿಕ್ ಪೆಟ್ಟಿಗೆ ಸಿಗುತ್ತದೆ. ನಾನು ಬಳಸಿದ್ದು ಅಡುಗೆಮನೆಯಿಂದ ಎಗರಿಸಿದ, ಸೊಪ್ಪು ತೊಳೆಯುವ ಪ್ಲಾಸ್ಟಿಕ್ ಜಾಲರಿ ಬುಟ್ಟಿ. ಅಂಥದ್ದೇ ಎರಡು ತೆಗೆದುಕೊಂಡು ಬಾಯಿಗೆ ಬಾಯಿ ಇಟ್ಟು ಕೇಬಲ್ ಟೈಯಿಂದ ಬಿಗಿಯಿರಿ. ಒಂದು ಕಡೆ ಮುಚ್ಚಳದ ಹಾಗೆ ತೆರೆಯುವಂತಿರಲಿ. ತೂತು ಸಣ್ಣದಿರಬೇಕು, ಹೊರಗಿನವನ ಬಾಯಿ ಒಳಗೆ ತೂರಬಾರದು. ಒಳಗೆ ಪೈಪಿನ ಒಂದು ತುಂಡು ಇಟ್ಟು, ಯಜಮಾನನ ಬಿಲದಿಂದ ದೂರದ ತುದಿಯಲ್ಲಿ, ನೀರು ಚೆನ್ನಾಗಿ ಹರಿಯುವ ಕಡೆ ತೂಗುಹಾಕಿ.

ಫೈರ್‌ಫಿಶ್ ಸತ್ತ ಮೇಲೆ ಲಾನ್‌ಮೂವರ್ ಬ್ಲೆನ್ನಿ ತಂದು ಹೀಗೇ ಇಟ್ಟಿದ್ದೆ. ಮೊದಲ ದಿನ ಡಾಮಿನೋ ಬುಟ್ಟಿಗೆ ತಲೆ ಗುದ್ದಿತು. ಗಾಜಿನ ಹತ್ತಿರ ಕಿವಿ ಇಟ್ಟರೆ ಟಕ್ ಟಕ್ ಟಕ್ ಎಂದು ಕೇಳುತ್ತಿತ್ತು. ಡ್ಯಾಮ್ಸೆಲ್ ಬಳಗದವು ಹೀಗೆ ಸದ್ದು ಮಾಡಿಯೂ ಹೆದರಿಸುತ್ತವೆ. ಬ್ಲೆನ್ನಿ ಪೈಪಿನಿಂದ ತಲೆ ಮಾತ್ರ ಹೊರಗೆ ಹಾಕಿ ಕಣ್ಣು ತಿರುಗಿಸುತ್ತ ಕೂತಿತ್ತು. ಎರಡನೇ ದಿನವೂ ಅದೇ. ಮೂರನೇ ದಿನ ಸಂಜೆ ಊಟ ಹಾಕಿದಾಗ ಡಾಮಿನೋ ಮೊದಲು ಊಟಕ್ಕೆ ಹೋಯಿತು, ಆಮೇಲೆ ಬುಟ್ಟಿಯ ಕಡೆ ಬಂತು. ನಾನು ಕಾಯುತ್ತಿದ್ದದ್ದು ಅದನ್ನೇ. ಐದನೇ ದಿನ ಬುಟ್ಟಿಯ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡಲಿಲ್ಲ.

ದಿನ ಎಣಿಸಬೇಡಿ, ಈ ನಡತೆ ನೋಡಿ. ಒಂದು ಪೂರ್ತಿ ಊಟದ ಹೊತ್ತು ಯಜಮಾನ ಬುಟ್ಟಿಯನ್ನು ಮರೆತಿದ್ದರೆ ಬಿಡುವ ಹೊತ್ತು ಬಂದಿದೆ. ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ಎರಡು ವಾರ. ಎರಡು ವಾರ ಕಳೆದರೂ ತಲೆ ಗುದ್ದುತ್ತಿದ್ದರೆ ಆ ಇಬ್ಬರಿಗೆ ಕೂಡಿ ಬರುವುದಿಲ್ಲ.

ಬಿಡುವ ದಿನ ಹೀಗೆ ಮಾಡಿ. ಸಂಜೆ ಎಲ್ಲರಿಗೂ ಹೊಟ್ಟೆ ತುಂಬ ಹಾಕಿ. ಆಮೇಲೆ ಆ ಬಿಡಿ ಕಲ್ಲುಗಳನ್ನು ಎತ್ತಿ ಬೇರೆ ಕಡೆ ಇಡಿ, ಮುಖ್ಯವಾಗಿ ಯಜಮಾನನ ಬಾಗಿಲಿನ ಕಲ್ಲನ್ನು. ಮರಳು ದಪ್ಪಗಿದ್ದರೆ ತಳದ ತನಕ ಕೆದಕಬೇಡಿ, ಅಡಿಯಲ್ಲಿ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಇರಬಹುದು. ಈಗ ಟವಲ್ ಹಾಕಿದ ಸೀಟೇ ಇಲ್ಲ. ಹಳಬನೂ ಹೊಸಬನ ಹಾಗೆ ಜಾಗ ಹುಡುಕಬೇಕು. ಟ್ಯಾಂಕಿನ ಲೈಟ್ ಆರಿಸಿ, ಅರ್ಧ ಗಂಟೆ ಬಿಟ್ಟು, ಕೋಣೆಯ ಮಂದ ಬೆಳಕಿನಲ್ಲಿ ಬುಟ್ಟಿಯ ಬಾಯಿ ತೆರೆಯಿರಿ. ಅಲುಗಾಡಿಸಿ ಬೀಳಿಸಬೇಡಿ, ಅದಾಗಿಯೇ ಬರಲಿ. ಮರುದಿನ ಲೈಟ್ ತಡವಾಗಿ ಹಾಕಿ. ಸಾಧ್ಯವಾದರೆ ಇದನ್ನೆಲ್ಲ ಶನಿವಾರ ಮಾಡಿ. ಭಾನುವಾರ ಮನೆಯಲ್ಲಿದ್ದು ನೋಡಬಹುದು.

ಮೇಲೆ ಬಲೆಯ ಮುಚ್ಚಳ ಇದೆಯಲ್ಲ? ಇಲ್ಲದಿದ್ದರೆ ಮೊದಲು ಅದು.

ಜಗಳವೋ, ಅಪಾಯವೋ

ಸ್ವಲ್ಪ ಅಟ್ಟಾಟ ಇದ್ದೇ ಇರುತ್ತದೆ. ರೆಕ್ಕೆ ಬಿಡಿಸಿ ಪಕ್ಕಕ್ಕೆ ನಿಂತು ಮೈ ತೋರಿಸುವುದು, ಒಂದು ಅಡಿ ಓಡಿಸಿ ಮರಳುವುದು, ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಣ್ಣ ಕ್ಲೌನ್ ದೊಡ್ಡದರ ಎದುರು ಮಗ್ಗುಲಾಗಿ ಮೈಯೆಲ್ಲ ನಡುಗಿಸುತ್ತದೆ. ಫಿಟ್ಸ್ ಬಂತು ಎಂದು ಹೊಸಬರು ಗಾಬರಿಯಾಗುತ್ತಾರೆ. ಅದು "ನೀನೇ ದೊಡ್ಡವಳು ತಾಯೇ" ಎಂದು ಶರಣಾಗುವ ಬಗೆ. ಜೋಡಿ ಕೂಡುತ್ತಿದೆ ಎಂದು ಖುಷಿಪಡಿ.

ಕೈ ಹಾಕಬೇಕಾದ ಲಕ್ಷಣಗಳು ಬೇರೆ. ಮೀನು ಮೇಲಿನ ಮೂಲೆಯಲ್ಲಿ, ಫಿಲ್ಟರ್ ಪೈಪಿನ ಹಿಂದೆ ತಲೆ ಮೇಲೆ ಮಾಡಿ ನಿಂತಿದೆ. ಊಟಕ್ಕೆ ಬರುತ್ತಿಲ್ಲ. ರೆಕ್ಕೆಯ ಅಂಚು ಹರಿದು ಚಿಂದಿಯಾಗಿದೆ. ಕಿವಿರು ಉಳಿದವರಿಗಿಂತ ಬೇಗ ಬೇಗ ಬಡಿಯುತ್ತಿದೆ. ಹುರುಪೆ ಎದ್ದ ಜಾಗ ಬೆಳ್ಳಗೆ ಕಾಣುತ್ತಿದೆ. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ನಾಳೆಗೆ ಬಿಡಬೇಡಿ, ಏಟು ತಿಂದದ್ದನ್ನು ಅಂದೇ ಬುಟ್ಟಿಗೆ ವಾಪಸು ಹಾಕಿ. ಹರಿದ ರೆಕ್ಕೆ ಶುದ್ಧ ನೀರಿದ್ದರೆ ಒಂದೆರಡು ವಾರದಲ್ಲಿ ತಾನೇ ಬೆಳೆಯುತ್ತದೆ. ಸುಮ್ನೆ ಔಷಧಿ ಸುರಿಯಬೇಡಿ.

ಕೈ ಮೀರಿದಾಗ

ಮೊದಲು ಊಟ ನೋಡಿ. ದಿನಕ್ಕೆ ಒಂದೇ ಸಲ ಒಂದೇ ಮೂಲೆಗೆ ಹಾಕುತ್ತಿದ್ದರೆ ಆ ಮೂಲೆಯನ್ನು ಯಜಮಾನ ಕಾಯುತ್ತಾನೆ. ಸ್ವಲ್ಪ ಸ್ವಲ್ಪವಾಗಿ ಮೂರು ಸಲ, ಎರಡೂ ತುದಿಗೆ ಒಟ್ಟಿಗೆ ಹಾಕಿ. ಒಬ್ಬನೇ ಎರಡು ಕಡೆ ಕಾಯಲು ಆಗುವುದಿಲ್ಲ. ನಮ್ಮ ಕಡೆ ಊಟಕ್ಕೆ ಬರವಿಲ್ಲ: ಸಿಗಡಿ, ಬೊಂಡಾಸ್ (ಸ್ಕ್ವಿಡ್), ಬಳಚು (ಚಿಪ್ಪುಮೀನು) ತೊಳೆದು ಸಣ್ಣಗೆ ಕೊಚ್ಚಿ, ಜಿಪ್ ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರಿಗೆ ಹಾಕಿದರೆ ತಿಂಗಳು ಬರುತ್ತದೆ. ಬಂಗಡೆ, ತಾರ್ಲೆ (ಬೂತಾಯಿ) ಬೇಡ, ಎಣ್ಣೆ ಬಿಟ್ಟು ನೀರಿನ ಮೇಲೆ ಪದರ ಕಟ್ಟುತ್ತದೆ. ಟ್ಯಾಂಗ್ ಇದ್ದರೆ ಒಣ ನೋರಿ (ಕಡಲ ಪಾಚಿ) ಹಾಳೆಯನ್ನು ಎರಡು ಕ್ಲಿಪ್ಪಿಗೆ ಸಿಕ್ಕಿಸಿ ಎರಡು ಕಡೆ ಇಡಿ.

ಕನ್ನಡಿ ಉಪಾಯವೂ ಇದೆ. ಹೊರಗಿನಿಂದ ಗಾಜಿಗೆ ಕನ್ನಡಿ ಹಿಡಿದರೆ ಯಜಮಾನ ತನ್ನ ನೆರಳಿನ ಜೊತೆಗೇ ಜಗಳಕ್ಕೆ ನಿಲ್ಲುತ್ತಾನೆ, ಆ ಹೊತ್ತಿನಲ್ಲಿ ಹೊಸಬನಿಗೆ ಉಸಿರಾಡಲು ಸಮಯ. ಟ್ಯಾಂಗ್‌ಗೆ ಇದು ಸ್ವಲ್ಪ ನಡೆಯುತ್ತದೆ. ನನ್ನ ಡಾಮಿನೋ ಹತ್ತು ನಿಮಿಷದಲ್ಲಿ ಕನ್ನಡಿ ಬಿಟ್ಟು ಮತ್ತೆ ಬ್ಲೆನ್ನಿ ಹಿಂದೆ ಹೋಯಿತು.

ಅದಕ್ಕೂ ಬಗ್ಗದಿದ್ದರೆ ಯಜಮಾನನನ್ನೇ ಬುಟ್ಟಿಗೆ ಹಾಕಿ. ಒಂದು ವಾರ. ಅಷ್ಟರಲ್ಲಿ ಉಳಿದವರು ಬಿಲ ಹಂಚಿಕೊಂಡಿರುತ್ತಾರೆ. ಮರಳಿ ಬಂದಾಗ ಅವನೇ ಹೊಸಬ.

ಆದರೆ ಅವನನ್ನು ಹಿಡಿಯುವುದು ಹೇಗೆ? ಬಲೆ ಕಂಡರೆ ಕಲ್ಲಿನೊಳಗೆ ಮಾಯ. ನಾನು ಕೊನೆಗೆ ಮಾಡಿದ್ದು ನಮ್ಮ ಗದ್ದೆಯ ಕೂಳಿ. ಮಳೆ ಶುರುವಾದಾಗ ಹತ್ತುಮೀನಿಗೆ ಬಿದಿರಿನ ಕೂಳಿ ಹಾಕುತ್ತಾರಲ್ಲ, ಅದೇ ಉಪಾಯ. ಎರಡು ಲೀಟರಿನ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ತಿರುಗಿಸಿ, ಒಳಮುಖವಾಗಿ ಸಿಕ್ಕಿಸಿ. ಡಾಮಿನೋ ಅಗಲದ ಮೀನು, ಬಾಟಲಿಯ ಕುತ್ತಿಗೆಯಲ್ಲಿ ತೂರುವುದಿಲ್ಲ. ಹಾಗಾಗಿ ಕುತ್ತಿಗೆಯನ್ನೂ ಕತ್ತರಿಸಿ ಬಾಯಿ ದೊಡ್ಡದು ಮಾಡಿದೆ. ಮೊಳೆ ಕಾಯಿಸಿ ಬದಿಗೆ ತೂತು ಹಾಕಿದೆ, ಒಳಗೊಂದು ಕಲ್ಲು ಇಟ್ಟೆ. ಬಾಯಿಗೆ ಮುಚ್ಚುವ ಹಾಗೆ ಒಂದು ಪ್ಲಾಸ್ಟಿಕ್ ತುಂಡು, ಅದಕ್ಕೆ ದಾರ. ಎರಡು ದಿನ ಸುಮ್ಮನೆ ಒಳಗೆ ಬಿಟ್ಟಿದ್ದೆ, ಅಭ್ಯಾಸವಾಗಲಿ ಎಂದು. ಮೂರನೇ ದಿನ ಊಟ ಕೊಡಲಿಲ್ಲ. ಸಂಜೆ ಬಾಟಲಿಯೊಳಗೆ ಸಿಗಡಿ ತುಂಡು ಇಟ್ಟು ದಾರ ಹಿಡಿದು ಕೂತೆ. ಮೊದಲು ಹೊಕ್ಕಿದ್ದು ಬ್ಲೆನ್ನಿ! ಅದನ್ನು ಹೊರಗೆ ಬಿಟ್ಟು ಮತ್ತೆ ಕೂತೆ. ಒಂದೂವರೆ ಗಂಟೆ ಆದ ಮೇಲೆ ಡಾಮಿನೋ ಅರ್ಧ ಒಳಗೆ, ಅರ್ಧ ಹೊರಗೆ ನಿಂತು ನನ್ನನ್ನೇ ನೋಡಿತು. ಬಾಲ ಒಳಗಾದ ಕ್ಷಣ ದಾರ ಎಳೆದೆ.

ಪಕ್ಕದ ಮನೆಯ ದೋಣಿಯವರು ನಿಂತು ನೋಡುತ್ತಿದ್ದರು. "ಸಮುದ್ರ ಇಲ್ಲೇ ಉಂಟಲ್ಲ ತಮಾ, ಬಿಟ್ಟು ಬಾ" ಎಂದರು. ಹಾಗೆ ಮಾಡಬಾರದು. ಟ್ಯಾಂಕಿನ ಮೀನು ಎಲ್ಲೆಲ್ಲಿಯದೋ ರೋಗ ಹೊತ್ತಿರಬಹುದು, ಈ ನೀರಿನದ್ದೇ ಅಲ್ಲದಿರಬಹುದು. ಬಕೆಟ್ಟಿನಲ್ಲಿ ಗೋವಾಕ್ಕೆ ಒಯ್ದು, ದೊಡ್ಡ ಮೀನುಗಳ ಟ್ಯಾಂಕ್ ಇಟ್ಟವರೊಬ್ಬರಿಗೆ ಕೊಟ್ಟು ಬಂದೆ. ಅಲ್ಲಿ ಒಂದು ಟ್ರಿಗರ್ ಇದೆ. ಡಾಮಿನೋ ಈಗ ಮೂಲೆಯ ಬಿಲದಲ್ಲಿ ಬಾಯಿ ಮುಚ್ಚಿಕೊಂಡಿದೆಯಂತೆ.

ಮೊಟ್ಟೆ ಇಟ್ಟಾಗ

ಎರಡು ವರ್ಷ ಸಾಧುವಾಗಿದ್ದ ಕ್ಲೌನ್ ಒಂದು ದಿನ ಗಾಜು ಒರೆಸುವ ಕೈಗೆ ಬಂದು ಕಚ್ಚಿದರೆ ಕಲ್ಲಿನ ಬುಡ ನೋಡಿ. ಕಿತ್ತಳೆ ಬಣ್ಣದ ಸಣ್ಣ ಕಾಳುಗಳ ಚಾಪೆ ಕಾಣಬಹುದು. ಗಂಡು ರೆಕ್ಕೆಯಿಂದ ಗಾಳಿ ಹಾಕುತ್ತಿರುತ್ತದೆ, ಹೆಣ್ಣು ಕಾವಲು. ಆರರಿಂದ ಹತ್ತು ದಿನದಲ್ಲಿ, ಕತ್ತಲಾದ ಮೇಲೆ ಒಡೆಯುತ್ತವೆ. ಅಲ್ಲಿಯವರೆಗೆ ಕಲ್ಲು ಎತ್ತಬೇಡಿ, ಹೊಸ ಮೀನು ಬಿಡಬೇಡಿ. ಉಳಿದವರಿಗೆ ಇನ್ನೊಂದು ಗುಡ್ಡೆ ಇದ್ದರೆ ಅವರೇ ಆ ಕಡೆ ಹೋಗುತ್ತಾರೆ.

ಬೇಸಿಗೆ, ಮಳೆಗಾಲ

ಏಪ್ರಿಲ್-ಮೇ ಸೆಕೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿನ ಮೈಗೆ ಬೇಕಾಗುವುದು ಜಾಸ್ತಿ. ಏಟು ತಿಂದದ್ದು ಬೇಗ ಸೋಲುತ್ತದೆ. ಚಿಲ್ಲರ್ ಇಲ್ಲದಿದ್ದರೆ ನೀರಿನ ಮೇಲೆ ಬೀಸುವ ಹಾಗೆ ಸಣ್ಣ ಫ್ಯಾನ್ ಇಟ್ಟು 28 ಡಿಗ್ರಿ ದಾಟದಂತೆ ನೋಡಿ. ಆವಿಯಾದಷ್ಟು ಸಿಹಿನೀರು ದಿನಾ ತುಂಬಿ.

ಜೂನ್, ಜುಲೈನಲ್ಲಿ ನಾನು ಹೊಸ ಮೀನು ತರುವುದೇ ಇಲ್ಲ. ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿದರೆ ಬಸ್ಸು ಎಲ್ಲೋ ನಿಲ್ಲುತ್ತದೆ, ಪೆಟ್ಟಿಗೆಯೊಳಗಿನ ಮೀನು ಅಲ್ಲೇ. ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಎರಡು ಇಟ್ಟುಕೊಳ್ಳಿ, ಎರಡು ತುದಿಗೆ ಒಂದೊಂದು. ಒಂದೇ ಇದ್ದರೆ ಗುಳ್ಳೆ ಬರುವ ಜಾಗಕ್ಕೂ ಯಜಮಾನ ಬಂದು ನಿಲ್ಲುತ್ತಾನೆ. ನೀರು ಬದಲಿಸಲು ಸಮುದ್ರದಿಂದ ತರುವವರು ಈ ದಿನಗಳಲ್ಲಿ ಆ ಕೆಲಸ ಬಿಡಿ, ಕಾಳಿ ನದಿ ತುಂಬಿ ಬಂದು ದಡದ ನೀರಿನ ಉಪ್ಪು ಇಳಿದಿರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ, ಸಿಗಡಿ ಬೆಲೆ ಏರುತ್ತದೆ. ಮೀನಿನ ಊಟವನ್ನು ಮೇ ತಿಂಗಳಲ್ಲೇ ಫ್ರೀಜರಿಗೆ ತುಂಬಿಸಿಡಿ.

ನಮ್ಮ ಮನೆಯಲ್ಲಿ ಮುಂದಿನ ಮೀನು ದಸರಾ ಕಳೆದ ಮೇಲೆ. ಫೈರ್‌ಫಿಶ್ ಮತ್ತೊಮ್ಮೆ, ಈ ಸಲ ಎರಡು. ಜಾಲರಿ ಬುಟ್ಟಿ ತೊಳೆದು ಒಣಗಿಸಿ ಕಪಾಟಿನ ಮೇಲೆ ಇಟ್ಟಿದ್ದೇನೆ. ಆಯಿ ಅದರಲ್ಲಿ ಮತ್ತೆ ಬಸಳೆ ತೊಳೆಯದ ಹಾಗೆ.